ಮೊದಲ ಪುಟದಲ್ಲೇ ಸಾಯುವ ಹೆಂಡತಿ

ಹೋದ ವಾರ ಮಧ್ಯಾಹ್ನ ಊಟಕ್ಕೆಂದು ಮಳಿಗೆಯಿಂದ ಮನೆಗೆ ಬಂದರೆ, ಕೆಲಸಕ್ಕೆ ರಜೆ ಹಾಕಿದ್ದ ಮಗ ಕುರ್ಚಿಯ ಮೇಲೆ ನಿಂತು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸುತ್ತಿದ್ದ. ಪೆಟ್ಟಿಗೆಗಿಂತ ಮುಂಚೆ ಅದರ ವಾಸನೆ ಇಳಿಯಿತು. ಹಳೆಯ ಕಾಗದ, ನುಸಿಗುಳಿಗೆ, ಎಲ್ಲೋ ಸ್ವಲ್ಪ ಮುಗ್ಗಲು. ನೆನೆದು ಒಣಗಿದ ಮರದ ಹೊಟ್ಟಿನ ವಾಸನೆಗೆ ಹತ್ತಿರದ್ದು. ಹೊಟ್ಟಿನ ನಡುವೆಯೇ ಬೆಳೆದ ನನಗೆ ಅದು ಹಿತವಾಗಬೇಕಿತ್ತು. ಆದರೆ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕೆಳಗೆ ನಿಂತಿದ್ದ ಸೊಸೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಪೆಟ್ಟಿಗೆ ಇಳಿಯಿತೆಂದರೆ ಅವಳು ಮತ್ತೆ ಬಸುರಿ, ಡಾಕ್ಟರಮ್ಮ ಮತ್ತೆ ಮಲಗಿಕೊಂಡೇ ಇರಬೇಕೆಂದು ಹೇಳಿದ್ದಾರೆ.

ಪೆಟ್ಟಿಗೆಯಲ್ಲಿರುವುದು ಹಾವಲ್ಲ, ಚೇಳಲ್ಲ. ಇಂಗ್ಲಿಷ್ ಕಾದಂಬರಿಗಳು. ನಾನು ಹಿರಿಯೂರಿನಲ್ಲಿ ಬಾಗಿಲು ಕಿಟಕಿ ಮಾಡುವವನು. ಐದನೇ ಕ್ಲಾಸು ಮುಗಿಸದೆ ಉಳಿ ಹಿಡಿದವನು. ನಾನು ನಿಲ್ಲಿಸಿದ ಬಾಗಿಲು ಯಾವ ಮಳೆಗಾಲದಲ್ಲೂ ಬಿಗಿದುಕೊಂಡಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇಂಥವನಿಗೂ ಅಮೆರಿಕದ ಕಾದಂಬರಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ತಂದವಳು ಸೊಸೆ. ಮದುವೆಗೆ ಮುಂಚೆ ಅವಳು ಕಾನ್ವೆಂಟಿನಲ್ಲಿ ಪಾಠ ಮಾಡುತ್ತಿದ್ದಳು. ಜೊತೆಯ ಕ್ರಿಶ್ಚಿಯನ್ ಟೀಚರಮ್ಮ ಒಬ್ಬರು ಊರು ಬಿಡುವಾಗ ತಮ್ಮ ಪುಸ್ತಕಗಳನ್ನೆಲ್ಲ ಇವಳಿಗೆ ಕೊಟ್ಟುಹೋದರು. ಎಲ್ಲವೂ ಬಿಳಿಯರು ಅಲ್ಲಿ ಕಾಡು ಕಡಿದು ಹೊಸದಾಗಿ ಊರು ಕಟ್ಟುತ್ತಿದ್ದ ಕಾಲದ ಕತೆಗಳು. ಪುಸ್ತಕದ ರಟ್ಟಿನ ಮೇಲೆ ಬಟ್ಟೆಯ ಟೋಪಿಯನ್ನು ಗದ್ದಕ್ಕೆ ಬಿಗಿದುಕೊಂಡ ಹೆಂಗಸು, ಹಿಂದೆ ಗೋಧಿ ಹೊಲ, ಅದರ ಹಿಂದೆ ದಿಮ್ಮಿ ಪೇರಿಸಿದ ಮನೆ. ಒಳಗೆ ಬೈಬಲ್ಲು, ಹಿಮ, ತೋಳ, ಕುದುರೆಗಾಡಿ, ಪ್ರೀತಿ.

ಮೊದಲ ಬಸುರಿನಲ್ಲಿ ಅವಳಿಗೆ ಬಿಪಿ ಏರಿ ಕಾಲು ಊದಿಕೊಂಡವು. ತವರಿಗೆ ಕಳಿಸೋಣವೆಂದರೆ, ಬಸ್ಸು ಹತ್ತಬೇಡ, ಎಡಮಗ್ಗುಲಾಗಿ ಮಲಗಿರು ಎಂದರು ಡಾಕ್ಟರಮ್ಮ. ಮಗ ಗೂಡ್ಸ್ ಗಾಡಿ ಓಡಿಸುವವನು, ಹಗಲು ಮನೆಯಲ್ಲಿರುವುದಿಲ್ಲ. ಹೀಗಾಗಿ ಮಧ್ಯಾಹ್ನ ನಾನು ಉಣ್ಣುವಾಗ ಅವಳು ಪಡಸಾಲೆಯ ಮಂಚದಿಂದಲೇ ಬೆಳಿಗ್ಗೆ ಓದಿದ್ದನ್ನು ಕನ್ನಡದಲ್ಲಿ ಹೇಳುವುದು, ನಾನು ಹೂಂಗುಟ್ಟುವುದು ಅಭ್ಯಾಸವಾಯಿತು. ನನಗೆ ಹಿಡಿಸಿದ್ದೂ ಬೇಕಾದಷ್ಟಿತ್ತು. ಮೊದಲು ಮದುವೆ, ಆಮೇಲೆ ಪ್ರೀತಿ. ನಮ್ಮ ಮನೆಗಳ ಹಾಗೆಯೇ. ಗಂಡಸು ಹೊಲದಲ್ಲಿ ದುಡಿದು ಬಂದು, ತಲೆ ಬಗ್ಗಿಸಿ ದೇವರನ್ನು ನೆನೆದೇ ಊಟಕ್ಕೆ ಕೈ ಹಾಕುತ್ತಾನೆ. ಅವರು ಮನೆ ಕಟ್ಟುವ ರೀತಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

"ಹಸಿ ಮರ ಕಡಿದು ಹಂಗೇ ಪೇರಿಸ್ತಾನಾ? ಸಂದಿ ಬಿಡಲ್ವಾ?"

"ಬಿಡ್ತೈತೆ ಮಾವ. ಅದಕ್ಕೇ ಸಂದಿಗೆಲ್ಲ ಮಣ್ಣು ಮೆತ್ತುತಾರೆ."

"ಇವನೇನು ಬಡಗಿನೋ, ಗಾರೆ ಕೆಲಸದವನೋ?"

ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೊಟ್ಟೆ ಹಿಡಿದದ್ದನ್ನು ಕಂಡೇ ನಾನು ತಟ್ಟೆ ಬಿಟ್ಟು ಅರ್ಧ ಏಳುತ್ತಿದ್ದೆ.

ಕೆಲವು ಪುಸ್ತಕ ಮುಗಿಯುವಷ್ಟರಲ್ಲಿ ಒಂದು ಸಂಗತಿ ತಲೆಗೆ ಹೊಕ್ಕಿತು. ಬಹುಪಾಲು ಕತೆ ಶುರುವಾಗುವುದೇ ಒಬ್ಬ ಹೆಂಗಸು ಹೆರಿಗೆಯಲ್ಲಿ ಸಾಯುವುದರಿಂದ. ಗಂಡ ದೇವರ ಜೊತೆ ಮಾತು ಬಿಡುತ್ತಾನೆ. ಕೂಸನ್ನು ನೋಡಿಕೊಳ್ಳಲೆಂದು ಎಲ್ಲಿಂದಲೋ ಇನ್ನೊಬ್ಬಳು ಬರುತ್ತಾಳೆ. ಅಲ್ಲಿಂದ ಮುಂದಿನ ಕತೆಯೆಲ್ಲ ಅವಳದು. ಅವನು ಮತ್ತೆ ನಗುವುದನ್ನು ಕಲಿಯುತ್ತಾನೆ, ಮತ್ತೆ ಪ್ರಾರ್ಥನೆ ಮಾಡುತ್ತಾನೆ. ಮೊದಲನೆಯವಳ ಹೆಸರು ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸಬಳಿಗೆ ಜಾಗ ಬಿಡಲೆಂದೇ ಹುಟ್ಟಿದ್ದಳೇನೋ ಎನ್ನುವ ಹಾಗೆ.

ಒಂದು ದಿನ ಸೊಸೆ ಹೇಳಿದಳು: "ಇದರಲ್ಲಿ ಅವನೂ ನಿಮ್ಮಂಗೇ ಮರಗೆಲಸದವನು ಮಾವ. ಹೆಂಡ್ತಿ ಬಸುರಿ ಇದ್ದಾಗ ತೊಟ್ಟಿಲು ಮಾಡ್ತಾನೆ, ತಲೆ ಕಡೆ ಹೂವ ಕೆತ್ತಿ."

ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟೆ. "ಅದಕ್ಕೇ ಸತ್ತಳು," ಎಂದುಬಿಟ್ಟೆ.

"ಅಂದ್ರೆ?"

"ಕೂಸು ಹುಟ್ಟೋಕೆ ಮುಂಚೆ ಯಾವನಾದ್ರೂ ತೊಟ್ಟಿಲಿಗೆ ಕೈ ಹಾಕ್ತಾನಾ?"

"ಅಲ್ಲಿ ಎಲ್ರೂ ಮೊದ್ಲೇ ಮಾಡ್ತಾರೆ ಮಾವ. ಎಲ್ರೂ ಸಾಯ್ತಾರಾ?"

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಬಸುರಿ ಮುಂದೆ ಆಡೋ ಮಾತೇನ್ರೀ ಅವು? ಬಾಯಿ ಮುಚ್ಕಂಡು ಉಣ್ರಿ!"

ಅವರಿಬ್ಬರಿಗೂ ಗೊತ್ತಿರದ ವಿಷಯ ಒಂದಿತ್ತು. ಮಳಿಗೆಯ ಹಿಂಬದಿಯಲ್ಲಿ ಒಳ್ಳೆಯ ತೇಗದ ಹಲಗೆಗಳನ್ನು ಗೋಣಿಚೀಲ ಹೊದಿಸಿ ಇಟ್ಟಿದ್ದೆ. ತೊಟ್ಟಿಲಿಗೆ. ಮಾಡಿರಲಿಲ್ಲ, ಇಟ್ಟಿದ್ದೆ ಅಷ್ಟೆ. ಆದರೆ ಮನಸ್ಸಿನಲ್ಲಿ ಮಾಡಿ ಮುಗಿಸಿ ಪಾಲಿಶ್ ಕೂಡ ಹೊಡೆದಾಗಿತ್ತು. ಅದೇ ಸಂಜೆ ಅವನ್ನು ಸೀಳಿ ಜವನಗೊಂಡನಹಳ್ಳಿಯ ಗಿರಾಕಿಯೊಬ್ಬರ ಕಿಟಕಿಗೆ ಹಾಕಿಬಿಟ್ಟೆ. ಅವರು ಕೇಳಿದ್ದು ದನದ ಕೊಟ್ಟಿಗೆಗೊಂದು ಕಿಟಕಿ. ಆ ಊರಿನ ಎಮ್ಮೆಗಳು ಈಗಲೂ ತೇಗದ ಚೌಕಟ್ಟಿನಿಂದ ಹೊರಗೆ ನೋಡುತ್ತವೆ.

ಅವಳಿಗೆ ಆ ಪುಸ್ತಕಗಳ ಅಭ್ಯಾಸ ಬಿಡಿಸುವುದಕ್ಕೂ ನೋಡಿದೆ. ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ, "ಯಾರೂ ಸಾಯದೇ ಇರೋ ಪುಸ್ತಕ ಐತೇನಪ್ಪ?" ಎಂದು ಕೇಳಿದೆ.

ಅವನು ಗಂಭೀರವಾಗಿ ಯೋಚಿಸಿದ. "ಅಡುಗೆ ಪುಸ್ತಕ ಒಂದೇ ಯಜಮಾನ್ರೇ. ಅದರಲ್ಲೂ ಕೋಳಿ ಬಿಟ್ಟು ಬರೀ ಸೊಪ್ಪಿನ ಸಾರಿಂದು ತಗಳ್ರಿ."

ತಂದೆ. ಸೊಸೆ ಒಂದೆರಡು ಹಾಳೆ ತಿರುವಿ ಅತ್ತೆಗೆ ದಾಟಿಸಿದಳು. ಅತ್ತೆ ನನ್ನತ್ತ ತಿರುಗಿ, "ನಂಗೆ ಸಾರು ಮಾಡೋಕೆ ಬರಲ್ಲ ಅಂತ ಬಸ್ ಸ್ಟ್ಯಾಂಡಿಗೆಲ್ಲ ಹೇಳ್ಕಂಡು ಬಂದ್ರಾ?" ಎಂದಳು.

ನಗಬೇಡಿ. ನನ್ನ ಹೆದರಿಕೆಗೆ ಕಾರಣವಿತ್ತು. ತುರುವನೂರಿನ ಹತ್ತಿರದ ಹಳ್ಳಿಯಲ್ಲಿ ನನ್ನವ್ವ ನನ್ನನ್ನು ಹೆತ್ತ ದಿನವೇ ಹೋದಳು. ಅಪ್ಪ ನನ್ನ ಸಲುವಾಗಿಯೇ ಚಿಕ್ಕವ್ವನನ್ನು ಮದುವೆ ಮಾಡಿಕೊಂಡ. ಅವ್ವನದೊಂದು ಫೋಟೋ ಕೂಡ ಇಲ್ಲ. ಆ ಕಾದಂಬರಿಗಳನ್ನು ಓದುವವರು ಆ ಗಂಡನನ್ನು ನೋಡುತ್ತಾರೆ, ಹೊಸ ಹೆಂಡತಿಯನ್ನು ನೋಡುತ್ತಾರೆ. ನಾನು ಮೂಲೆಯಲ್ಲಿ ಅಳುವ ಕೂಸನ್ನು ನೋಡುತ್ತಿದ್ದೆ. ಅದು ಅಳುತ್ತದೆ, ಹಾಲು ಕುಡಿಯುತ್ತದೆ, ಮಲಗುತ್ತದೆ. ಅದು ದೊಡ್ಡದಾಗಿ ಹಿರಿಯೂರಿನಲ್ಲಿ ಬಾಗಿಲು ಮಾಡುತ್ತದೆ, ತಾಯಿಯ ಮುಖ ಹೇಗಿತ್ತೋ ಎಂದು ಈ ವಯಸ್ಸಿನಲ್ಲೂ ಯೋಚಿಸುತ್ತದೆ ಎಂದು ಬರೆದವರಿಗೂ ಗೊತ್ತಿಲ್ಲ.

ತಿಂಗಳು ತುಂಬುತ್ತಾ ಬಂದಾಗ ಒಂದು ಮಧ್ಯಾಹ್ನ ಸೊಸೆ ಕತೆಯನ್ನು ನಡುವೆಯೇ ನಿಲ್ಲಿಸಿದಳು. ಪುಸ್ತಕ ಎದೆಯ ಮೇಲೆ ಬೋರಲಾಗಿತ್ತು.

"ಮಾವ, ನಿಮ್ಮ ಚಿಕ್ಕವ್ವ ನಿಮ್ಮನ್ನ ಚೆನ್ನಾಗಿ ನೋಡ್ಕಂಡ್ರಾ?"

ಆಗ ನನಗೆ ತಿಳಿಯಿತು. ಅವಳು ಇಷ್ಟು ದಿನ ಪ್ರೀತಿಯ ಕತೆ ಓದುತ್ತಿರಲಿಲ್ಲ. ತಾನಿಲ್ಲದೆ ಹೋದರೆ ತನ್ನ ಮಗುವಿನ ಪಾಡು ಏನಾಗುತ್ತದೆ ಎಂದು ಒಂದರ ಹಿಂದೊಂದು ಪುಸ್ತಕದಲ್ಲಿ ಹುಡುಕುತ್ತಿದ್ದಳು. ಬರುವವಳು ಒಳ್ಳೆಯವಳೇ? ಕೂಸನ್ನು ಎತ್ತಿಕೊಳ್ಳುತ್ತಾಳೆಯೇ?

"ಅದೆಲ್ಲ ಈಗ್ಯಾಕಮ್ಮ? ಏನೂ ಆಗಲ್ಲ, ಸುಮ್ನೆ ಮಲಗು," ಎಂದು ಕೈ ತೊಳೆದುಕೊಂಡು ಎದ್ದು ಹೋದೆ.

ಅದಾದ ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ಅವಳಿಗೆ ತಲೆ ಸಿಡಿಯುವ ನೋವು ಬಂದು ಕಣ್ಣು ಮಂಜಾಯಿತು. ಆಂಬುಲೆನ್ಸಿನಲ್ಲಿ ದುರ್ಗದ ದೊಡ್ಡಾಸ್ಪತ್ರೆಗೆ ಒಯ್ದೆವು. ಆಪರೇಷನ್ ಮಾಡಬೇಕು, ಈಗಲೇ ಏನೂ ಹೇಳುವುದಕ್ಕಾಗದು ಎಂದರು. ಪಕ್ಕದಲ್ಲಿ ಕುಳಿತ ಮಗನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೂಸಿಗಾಗಿ ಮತ್ತೆ ಮದುವೆಯಾಗಬೇಕಾದ ಗಂಡಸೊಬ್ಬ ಆ ಮುಖದಲ್ಲಿ ಕಂಡುಬಿಟ್ಟರೆ? ಎದುರಿನ ಆಪರೇಷನ್ ಕೋಣೆಯ ಬಾಗಿಲು ನೆಲಕ್ಕೆ ಉಜ್ಜಿ ಕಿರ್ರೆನ್ನುತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನು ಕೆತ್ತಿ ಸರಿಮಾಡಲು ನನ್ನ ಕೈ ತುರಿಸುತ್ತಿತ್ತು. ಅವತ್ತು ಅದು ತೆರೆಯದಿದ್ದರೆ ಸಾಕು ಎನ್ನಿಸಿತು.

ತೆರೆಯಿತು. "ಹೆಣ್ಮಗು. ತಾಯಿನ ಐಸಿಯುಗೆ ಹಾಕೇವಿ," ಎಂದಳು ನರ್ಸಮ್ಮ. ಸೊಸೆ ಕಣ್ಣು ಬಿಟ್ಟು ಗಂಡನ ಹೆಸರು ಹಿಡಿದು ಕರೆದಳೆಂದು ಗೊತ್ತಾಗುವ ತನಕ ನಾವು ಯಾರೂ ನೀರು ಕೂಡ ಮುಟ್ಟಲಿಲ್ಲ. ತೊಟ್ಟಿಲೂ ಇಲ್ಲದೆ ಬರಿಗೈಯಲ್ಲಿ ಕಾಯುತ್ತಿದ್ದ ಮನೆಗೆ ಕೂಸು ಬಂತು, ನನ್ನ ಹೆಂಡತಿಯ ಹಳೆ ಸೀರೆಯ ಜೋಲಿಯಲ್ಲಿ ಮಲಗಿತು. ಈಗ ಅಂಗನವಾಡಿಗೆ ಹೋಗಿ ಮನೆಯವರಿಗೆಲ್ಲ ಪಾಠ ಒಪ್ಪಿಸುತ್ತದೆ.

ಈಗ ಮತ್ತೆ ಬಿಪಿ, ಮತ್ತೆ ಅದೇ ಮಂಚ. ಕಳೆದ ಸಲದ್ದೇ ತೊಂದರೆ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಅವಳು ಒಂದು ಪುಸ್ತಕ ತೆರೆದು ನನ್ನನ್ನೇ ನೋಡುತ್ತಿದ್ದಳು.

"ಕತೆ ಹೇಳ್ಲಾ ಮಾವ, ಇಲ್ಲ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗ್ತೀರಾ?"

ನಗಲು ಆಗಲಿಲ್ಲ. "ಅವತ್ತು ನೀನೊಂದು ಮಾತು ಕೇಳಿದ್ದೆ," ಎಂದೆ. "ಚಿಕ್ಕವ್ವ ಚೆನ್ನಾಗೇ ನೋಡ್ಕಂಡ್ಲು ಕಣಮ್ಮ. ತಲೆಗೆ ನೀರು ಹಾಕುವಾಗೆಲ್ಲ, ನಿಮ್ಮವ್ವ ಇದ್ದಿದ್ರೆ ಇನ್ನೂ ಚೆನ್ನಾಗಿ ಉಜ್ಜೋಳು ಕಣೋ ಅನ್ನೋಳು. ಅವಳದೇನೂ ತಪ್ಪಿಲ್ಲ. ಆದ್ರೂ ನಂಗೆ ಅವ್ವ ಬೇಕಿತ್ತು. ಈಗ್ಲೂ ಬೇಕು." ಆಮೇಲೆ ಈ ಬದುಕಿನಲ್ಲಿ ಯಾರ ಮುಂದೆಯೂ ಆಡದಿದ್ದ ಮಾತನ್ನು ಆಡಿದೆ: "ನಂಗೆ ಹೆದರಿಕೆ ಆಗ್ತೈತಮ್ಮ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೊಸೆ ಮಂಚದ ತುದಿಗೆ ಸರಿದು ನನಗೆ ಜಾಗ ಮಾಡಿದಳು.

"ನಂಗೂ ಆಗ್ತೈತೆ ಮಾವ. ಬರ್ರಿ, ಕುಂತ್ಕಳ್ರಿ. ಇಬ್ರೂ ಹೆದರ್ಕಂಡೇ ಓದಾಣ."