ರೆಕಾರ್ಡ್ ರೂಮಿನ ಇಲಿ

ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳಿಗೆ ಪರವಾನಗಿ ಕೊಡುವ ಆ ಸರ್ಕಾರಿ ಕಚೇರಿಗೆ ಕೊಟ್ರೇಶ್ ಮೊದಲು ಬಂದದ್ದು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯಲು. ಕೂಡ್ಲಿಗಿ ಕಡೆಯವನು, ಐಟಿಐ ಓದಿದವನು. ಕಾಗದ ಎಳೆದ, ಎಳೆದವನನ್ನು ಕಚೇರಿ ಬಿಡಲಿಲ್ಲ, ಹೊರಗುತ್ತಿಗೆಯ ಮೇಲೆ ಕೂರಿಸಿಕೊಂಡಿತು. ವೈರಸ್ ಬಂದರೆ ಕೊಟ್ರೇಶ್, ವೆಬ್‌ಸೈಟ್ ಮಲಗಿದರೆ ಕೊಟ್ರೇಶ್, ಲಾಟರಿ ಹೊಡೆದಿದೆ ಎಂಬ ಇಮೇಲನ್ನು ಯಾರಾದರೂ ಒತ್ತಿ ಕೂತರೆ ಆಗಲೂ ಕೊಟ್ರೇಶ್. ಒತ್ತುವವರಲ್ಲಿ ಮೊದಲಿಗರು ಮ್ಯಾನೇಜರ್ ಮುನಿಕೃಷ್ಣ. ಈಚೆಗೆ ಕೊಟ್ರೇಶನ ತಲೆಯ ಅರ್ಧ ಕೂದಲು ಹೋಗಿತ್ತು. ಹೊರಗುತ್ತಿಗೆ ಮಾತ್ರ ಹೋಗಿರಲಿಲ್ಲ.

ಇಂಥ ಕಚೇರಿಗಳಿಗೆ ಸೈಬರ್ ಭದ್ರತೆ ನೋಡಿಕೊಳ್ಳಲು ಎಷ್ಟು ಜನ ಬೇಕು, ಎಂಥವರು ಬೇಕು ಎಂದು ಅಂದಾಜು ಮಾಡಲು ಮೇಲಿನವರು ಹೊರಟರು. ಸುದ್ದಿ ಬಂದ ದಿನವೇ ಮುನಿಕೃಷ್ಣ ಕೊಟ್ರೇಶನನ್ನು ಟೀ ಅಂಗಡಿಗೆ ಕರೆದೊಯ್ದರು. ಕಾಸೂ ಅವರೇ ಕೊಟ್ಟರು. ಅಲ್ಲೇ ಅವನಿಗೆ ಅನುಮಾನ ಬರಬೇಕಿತ್ತು.

"ಮಗಾ, ಈ ಸಲ ಒಂದ್ ಪೋಸ್ಟ್ ಕೇಳ್ತೀನಿ. ಅದು ನಿಂದೇ ಅನ್ಕೋ."

"ಖಾಯಂ ಏನ್ರಿ ಸಾರ್?"

"ಖಾಯಂ ಕಣೋ. ನಮ್ಮಪ್ಪನಾಣೆ."

ಅವರಪ್ಪ ಬೈರಪ್ಪನವರ ಹೊಲದ ಮೇಲೆ ಈಗ ಕಾರ್ಖಾನೆಗಳು ನಿಂತಿವೆ. ಅಷ್ಟು ಭಾರ ಹೊತ್ತ ಅಪ್ಪನ ಮೇಲಿನ ಆಣೆಗೆ ತೂಕವಿದ್ದೇ ಇರುತ್ತದೆಂದು ಕೊಟ್ರೇಶ್ ನಂಬಿದ. ಅದೇ ವಾರ ಹೆಬ್ಬಗೋಡಿಯಿಂದ ಗೆಳೆಯ ಮುತ್ತು ಫೋನು ಮಾಡಿ, ತನ್ನ ಕಂಪನಿಯಲ್ಲಿ ಒಂದು ಕೆಲಸ ಮಾತಾಡಿ ಇಟ್ಟಿರುವುದಾಗಿ ಹೇಳಿದ. ಕೊಟ್ರೇಶ್ ಒಲ್ಲೆನೆಂದ.

ಚಿಕ್ಕಬಾಣಾವರದ ಬಾಡಿಗೆ ರೂಮಿನಲ್ಲಿ ಹೆಂಡತಿ ಸವಿತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮುತ್ತುಂದು ಕೈಯಾಗಿರೋ ಕೆಲ್ಸ. ನಿಮ್ ಸಾಹೇಬ್ರದ್ದು ಬರೀ ಬಾಯಿ ಮಾತು."

"ಅವ್ರು ಅಪ್ಪನ ಆಣಿ ಮಾಡ್ಯಾರ."

"ಅವ್ರಪ್ಪನ್ನ ಕೇಳೀರೇನು?"

ಕೇಳಿರಲಿಲ್ಲ.

ಮುಂದೆ ಕೊಟ್ರೇಶ್ ಮಾಡಿದ ತಪ್ಪನ್ನು ಸರ್ಕಾರಿ ಕಚೇರಿಯ ಗಾಳಿ ಕುಡಿದವನು ಮಾತ್ರ ಮಾಡಬಲ್ಲ. ಮೇಲಿನಿಂದ ಯಾರೇ ಬರಲಿ, ಅಲ್ಲಿ ಅದಕ್ಕೆ ತಪಾಸಣೆ ಎಂದೇ ಹೆಸರು. ತಪಾಸಣೆಯೆಂದರೆ ಗೋಡೆ ಬಿರಿದ ಕಡೆ ಕ್ಯಾಲೆಂಡರ್ ನೇತುಹಾಕುವುದು. ಬರುತ್ತಿರುವವರು ಕೊರತೆ ಎಷ್ಟಿದೆಯೆಂದು ನೋಡಲು ಬರುತ್ತಿದ್ದಾರೆ, ಅವರಿಗೆ ಕೊರತೆಯನ್ನೇ ತೋರಿಸಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. "ಎಲ್ಲಾ ನೀಟಾಗಿರ್ಬೇಕು" ಎಂದರು ಮುನಿಕೃಷ್ಣ. ಮಗಳ ಮದುವೆಗೆ ಮನೆಗೆ ಸುಣ್ಣ ಬಳಿಯುವವನ ಹಾಗೆ ಕೊಟ್ರೇಶ್ ಕೆಲಸಕ್ಕಿಳಿದ. ಪ್ರತಿಯೊಬ್ಬರ ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಗಳನ್ನು ಕಿತ್ತ, ಅಂಟು ಉಳಿದದ್ದನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿದ, ಮುದಿ ಕಂಪ್ಯೂಟರುಗಳಿಗೆಲ್ಲ ಹೊಸ ಆಂಟಿವೈರಸ್ ಹಾಕಿದ.

ಇನ್ನೊಂದು ಪದ್ಧತಿಯೂ ಇತ್ತು. ತಪಾಸಣೆಯ ದಿನ ಹೊರಗುತ್ತಿಗೆಯವರು ಕಣ್ಣಿಗೆ ಬೀಳಬಾರದು. ಬಿದ್ದರೆ ಇಷ್ಟು ಜನ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಮುಖ್ಯ ಕಚೇರಿಯಿಂದ ಲಾವಣ್ಯ ಎಂಬ ಅಧಿಕಾರಿ ಬಂದಾಗ ಮುನಿಕೃಷ್ಣ ಹೇಳಿದಂತೆ ಕೊಟ್ರೇಶ್ ಎಂದಿನ ಹಾಗೆ ಹಿಂಬಾಗಿಲಿನಿಂದ ಹೋಗಿ ರೆಕಾರ್ಡ್ ರೂಮಿನಲ್ಲಿ ಕೂತ. ಅದಕ್ಕೂ ಮ್ಯಾನೇಜರ್ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ.

"ಬೇರೆ ಆಫೀಸ್‌ಗಳಲ್ಲಿ ಪಾಸ್‌ವರ್ಡ್ ಗೋಡೆ ಮೇಲೇ ಬರ್ದಿರ್ತಾರೆ ಸಾರ್," ಎಂದರು ಲಾವಣ್ಯ. "ಇಲ್ಲಿ ತುಂಬಾ ಚೆನ್ನಾಗಿಟ್ಟಿದೀರಿ. ಯಾರು ನೋಡ್ಕೊಳ್ತಾರೆ ಇದನ್ನೆಲ್ಲ?"

ಕೊಟ್ರೇಶ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ನಾನೇ ಮೇಡಂ," ಎಂದರು ಮುನಿಕೃಷ್ಣ. "ಟೈಮ್ ಸಿಕ್ದಾಗ ಇಂಗೇ ಮಾಡ್ತಿರ್ತೀನಿ."

"ಹಾಗಾದ್ರೆ ನಿಮ್ಮನ್ನೇ ಸೈಬರ್ ಅಧಿಕಾರಿ ಅಂತ ಬರೀಬಹುದು. ಹೈದರಾಬಾದಲ್ಲಿ ಟ್ರೈನಿಂಗ್ ಕೊಡ್ತಾರೆ. ಅಥವಾ ಹೊಸದಾಗಿ ಒಂದು ಪೋಸ್ಟ್ ಕೇಳೋಣ್ವಾ?"

ಕೊಟ್ರೇಶ್ ಹಲಗೆಗೆ ಕಿವಿ ಹಚ್ಚಿದ.

"ಬೇಡ ಬಿಡಿ ಮೇಡಂ. ಸರ್ಕಾರಕ್ಕ್ಯಾಕೆ ದಂಡ."

ಕೊಟ್ರೇಶ್ ಎದ್ದ ರಭಸಕ್ಕೆ ಫೈಲುಗಳ ಕಟ್ಟೊಂದು ಧೊಪ್ಪನೆ ಬಿತ್ತು.

"ಒಳಗೆ ಯಾರಿದ್ದಾರೆ?"

"ಇಲಿ ಮೇಡಂ. ಜಾಸ್ತಿ ಆಗ್ಬಿಟ್ಟವೆ."

ಬಾಗಿಲಿಗೆ ಬೀಗವಿರಲಿಲ್ಲ. ಕೈ ಚಿಲಕದವರೆಗೂ ಹೋಯಿತು. ಆದರೆ ತಪಾಸಣೆಯ ದಿನ ಹೊರಗೆ ಬರಬಾರದು ಎಂಬುದು ಅವನ ಮೈಗೇ ಹತ್ತಿಬಿಟ್ಟಿತ್ತು. ಇದರಲ್ಲೂ ಸಾಹೇಬರದು ಏನೋ ಉಪಾಯವಿದ್ದೀತು, ಮೇಡಂ ಹೋದ ಮೇಲೆ ಹೇಳಿಯಾರು ಎಂದು ಚೂರು ಆಸೆಯೂ ಇತ್ತು. ಇಲಿ ಎಂದವರಿಗೆ ತೊಂದರೆಯಾಗದಿರಲೆಂದು ಅವನು ಉಸಿರು ಬಿಗಿಹಿಡಿದು, ಇಲಿಯ ಹಾಗೇ ಕೂತ.

ಮೇಡಂ ಹೋದರು. ಸಾಹೇಬರು ಅವರ ಹಿಂದೆಯೇ ಕಾರಿನತನಕ ಹೋದವರು, ಆ ದಿನ ಮತ್ತೆ ಒಳಗೆ ಬರಲಿಲ್ಲ.

ಇಂದು ಹೇಳಿಯಾರು, ನಾಳೆ ಹೇಳಿಯಾರು ಎಂದು ಕೊಟ್ರೇಶ್ ಕಾಯುತ್ತಲೇ ಇದ್ದ. ಮುಂದಿನ ತಿಂಗಳು ಆದೇಶ ಬಂತು. ಭದ್ರತೆಯ ಕೆಲಸ ಅಧಿಕಾರಿಗಳಿಂದಲೇ ಅಚ್ಚುಕಟ್ಟಾಗಿ ನಡೆಯುತ್ತಿದೆ. ಹೊಸ ಹುದ್ದೆ ಬೇಕಿಲ್ಲ, ಹೊರಗುತ್ತಿಗೆಯವನೂ ಬೇಕಿಲ್ಲ. ಅಷ್ಟರಲ್ಲಿ ಮುತ್ತುವಿನ ಕಂಪನಿಯ ಕುರ್ಚಿಯಲ್ಲಿ ಬೇರೆಯವನು ಕೂತಾಗಿತ್ತು.

"ನಾನೇನ್ ಮಾಡ್ಲಿ ಮಗಾ," ಎಂದರು ಮುನಿಕೃಷ್ಣ. "ಎಲ್ಲಾ ಮೇಲಿಂದ್ಲೇ ಬಂದೈತೆ."

"ನಾನು ಒಳಗೇ ಇದ್ದೆ ಸಾರ್. ಎಲ್ಲಾ ಕೇಳಸ್ತಿತ್ತು."

ಅಲ್ಲಿ ಕೂರಿಸಿದವರು ತಾವೇ ಎಂಬುದು ಅವರಿಗೆ ಮರೆತಿತ್ತೋ ಏನೋ, ಫ್ಯಾನನ್ನು ನೋಡಿದರು. "ಅಂಗಾ," ಎಂದರು. ಆಮೇಲೆ ಮೆಲ್ಲಗೆ, "ಹೋಗೋಕ್ ಮುಂಚೆ ನನ್ ಪಾಸ್‌ವರ್ಡ್ ಒಂದ್ ಚೀಟೀಲಿ ಬರ್ಕೊಟ್ಬಿಡು. ದಪ್ಪಕ್ಷರದಲ್ಲಿ. ಕನ್ನಡ್ಕ ಇಲ್ದೆ ಕಾಣ್ಸಲ್ಲ."

"ಎಲ್ಲಿ ಅಂಟಿಸ್ಲಿ ಸಾರ್?"

"ಮೊದ್ಲಿತ್ತಲ್ಲ, ಅಲ್ಲೇ."

ಬರೆದ. ಅಂಟಿಸಿದ. ಮೂಲೆಗಳು ಏಳದಂತೆ ಹೆಬ್ಬೆರಳಿನಿಂದ ಒತ್ತಿದ.

ಚೀಲ ಹೆಗಲಿಗೇರಿಸಿದಾಗ ಕಾಲು ಅಭ್ಯಾಸಬಲದಿಂದ ಹಿಂಬಾಗಿಲಿನ ಕಡೆ ತಿರುಗಿತು. ಅರ್ಧ ದಾರಿಯಲ್ಲಿ ನಿಂತ. ಹಿಂದಿರುಗಿ, ನಡುಮನೆಯಂತಿದ್ದ ದೊಡ್ಡ ಹಾಲಿನಲ್ಲಿ, ಎಲ್ಲರ ಮೇಜುಗಳ ನಡುವೆಯೇ ನಡೆದು ಮುಂಬಾಗಿಲಿಗೆ ಹೋದ. ಇವತ್ತಾದರೂ ನೋಡಲಿ ಎಂದು ನಿಧಾನವಾಗಿಯೇ ನಡೆದ. ಯಾರೂ ತಲೆಯೆತ್ತಲಿಲ್ಲ. ಎಲ್ಲರೂ ತಂತಮ್ಮ ಚೀಟಿ ಅಂಟಿಸುತ್ತಿದ್ದರು.