ಮೂವತ್ತೇಳು ಆಟಗಾರ್ತಿಯರು, ಒಬ್ಬ ಅಪ್ಪ

ನನಗೆ ಹನ್ನೊಂದು ವರ್ಷವಾಗಿದ್ದಾಗ, ನಾನು ಬುದ್ಧಿವಂತೆ ಎಂಬ ಅನುಮಾನ ಅಪ್ಪನಿಗೆ ಬಂತು. ಅದಕ್ಕೆ ಆಧಾರ ಬಹಳ ಕಡಿಮೆಯಿತ್ತು. ಶಾಲೆಯ ಗಣಿತ ಪರೀಕ್ಷೆಯಲ್ಲಿ ಒಮ್ಮೆ ಪಕ್ಕದವಳಿಗಿಂತ ಎರಡು ಅಂಕ ಹೆಚ್ಚು ಬಂದಿತ್ತು, ಅಷ್ಟೆ. ಆದರೆ ನಮ್ಮ ನಗರದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಆಗ ಒಂದರ ಹಿಂದೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಗಣಿತ ಬಂದರೆ ಆ ಗಾಜಿನೊಳಗೆ ಕಂಪ್ಯೂಟರಿನ ಮುಂದೆ ತಂಪಾಗಿ ಕೂರಬಹುದೆಂದು ಟಾಲಿಗಂಜಿನ ನಮ್ಮ ಓಣಿಯ ಅಪ್ಪಂದಿರೆಲ್ಲ ನಂಬಿದ್ದರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದ ನಮ್ಮಪ್ಪನೂ ನಂಬಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಗಣಿತ ಸ್ಪರ್ಧೆಗೆ ನನ್ನ ಹೆಸರು ಕೊಟ್ಟು, ಇಟ್ಟಿಗೆಯಷ್ಟು ದಪ್ಪದ ಗೈಡೊಂದನ್ನು ತಂದರು.

“ದಿನಾ ಮುಂಜಾನೆ ಹತ್ತು ಲೆಕ್ಕ. ಉತ್ತರ ಹಿಂದ ಅದಾವ, ನೋಡಬ್ಯಾಡ,” ಅಂದರು.

ನಾನು ನೋಡುತ್ತಿದ್ದೆ. ನನ್ನನ್ನು ತಿದ್ದುವ ಮೊದಲು ಅಪ್ಪನೂ ಅಡುಗೆಮನೆಯ ಕಡೆ ಒಮ್ಮೆ ಕಣ್ಣುಹಾಯಿಸಿ, ಹಿಂದಿನ ಪುಟ ನೋಡುತ್ತಿದ್ದರು. ಇಬ್ಬರೂ ಪ್ರಾಮಾಣಿಕರೆಂದು ಅವ್ವ ತಿಳಿದಿದ್ದಳು.

ಭಾನುವಾರ ಪಾಠಕ್ಕೆ ಓಣಿಯ ತುದಿಯ ಮನೆಗೆ ಹೋಗಬೇಕಿತ್ತು. ಅಲ್ಲಿದ್ದವರು ನಿವೃತ್ತ ಗಣಿತ ಮೇಷ್ಟ್ರು, ಎಲ್ಲರ ಬಾಯಲ್ಲಿ ಮಾಸ್ಟರ್‌ಮಶಾಯ್. ಸಾಸಿವೆ ಎಣ್ಣೆ ಕಲಸಿದ ಚುರುಮುರಿ ತಿನ್ನುತ್ತ ಪಾಠ ಹೇಳುತ್ತಿದ್ದರು. ಬಂಗಾಳಿಯಲ್ಲಿ ಇಲ್ಲದ್ದರಿಂದ ಅವರ ಹಿಂದಿಯಲ್ಲೂ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಅಪ್ಪನನ್ನು ಹೆಣ್ಣು ಮಾಡಿ, ನನ್ನನ್ನು ಗಂಡು ಮಾಡಿ ಮಾತಾಡಿಸುತ್ತಿದ್ದರು.

ಒಂದು ಭಾನುವಾರ ಗೈಡಿನ ಲೆಕ್ಕವೊಂದಕ್ಕೆ ಜಗಳವಾಯಿತು. ಹಳಿಯ ಪಕ್ಕ ಸಮದೂರದಲ್ಲಿ ಕಂಬಗಳಿವೆ; ಮೊದಲನೇ ಕಂಬದಿಂದ ಆರನೇ ಕಂಬಕ್ಕೆ ಹೋಗಲು ರೈಲಿಗೆ ಮೂವತ್ತು ಸೆಕೆಂಡು ಬೇಕು; ಹನ್ನೆರಡನೇ ಕಂಬಕ್ಕೆ ಎಷ್ಟು? ಗೈಡು ಅರವತ್ತು ಅಂದಿತ್ತು. ಮಾಸ್ಟರ್‌ಮಶಾಯ್ ಅದನ್ನು ಹೊಡೆದುಹಾಕಿ ಅರವತ್ತಾರು ಎಂದು ಬರೆದರು.

ನನ್ನನ್ನು ಕರೆದೊಯ್ಯಲು ಬಂದಿದ್ದ ಅಪ್ಪನಿಗೆ ಇದು ಸರಿಬರಲಿಲ್ಲ. “ಇಪ್ಪತ್ತು ವರ್ಷ ರೈಲ್ವೆದಾಗ ಇದ್ದೀನಿ. ಇವರು ನನಗ ಕಂಬ ಎಣಿಸೂದು ಕಲಿಸ್ತಾರೇನು?” ಎಂದು ನನಗೆ ಕನ್ನಡದಲ್ಲಿ ಹೇಳಿ, ಅದನ್ನೇ ಬಹಳ ಸೌಮ್ಯವಾಗಿ ಅವರಿಗೆ ಹಿಂದಿಯಲ್ಲಿ ಹೇಳಿದರು.

ಮೇಷ್ಟ್ರು ಬಟ್ಟಲು ಕೆಳಗಿಟ್ಟರು. “ಹೊರಗೆ ಬನ್ನಿ. ನೀವೇ ರೈಲು.”

ಓಣಿಯಲ್ಲಿ ದೀಪದ ಕಂಬಗಳ ಸಾಲಿತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದ ಅಪ್ಪ ಮೊದಲನೇ ಕಂಬದಿಂದ ಹೊರಟರು. ಒಂದೊಂದು ಕಂಬ ಮುಟ್ಟಿದಾಗಲೂ, ಎಷ್ಟು ಸಂದು ದಾಟಿದೆ ಎಂದು ಗಟ್ಟಿಯಾಗಿ ಹೇಳಬೇಕು. ಚಹದಂಗಡಿಯ ಬೆಂಚಿನಲ್ಲಿದ್ದವರೆಲ್ಲ ಎದ್ದು ಬಂದರು. ವಿಷಯ ತಿಳಿಯುವ ಮೊದಲೇ ಅವರಲ್ಲಿ ಎರಡು ಪಕ್ಷವಾಯಿತು. ಆರನೇ ಕಂಬದಲ್ಲಿ ಅಪ್ಪ “ಐದು” ಅಂದರು. ಅಲ್ಲಿಯೇ ಅವರ ಮುಖ ಬದಲಾಯಿತು. ಆದರೂ ರೈಲು ನಡುವೆ ನಿಲ್ಲುವಂತಿರಲಿಲ್ಲ. ಹನ್ನೆರಡನೇ ಕಂಬದವರೆಗೆ ಹೋಗಿ “ಹನ್ನೊಂದು” ಎಂದು ಮೆಲ್ಲಗೆ ಹೇಳಿ, ಬೇರೆ ದಾರಿಯಿಂದ ಮನೆಗೆ ಹೋದರು. ನನ್ನನ್ನು ಕರೆದೊಯ್ಯುವುದನ್ನು ಮರೆತಿದ್ದರು.

ಸ್ಪರ್ಧೆ ನಡೆದದ್ದು ಪಾರ್ಕ್ ಸ್ಟ್ರೀಟಿನ ಹತ್ತಿರದ ಒಂದು ಸಭಾಂಗಣದಲ್ಲಿ. ಮೂವತ್ತು ಪ್ರಶ್ನೆ, ಒಂದೂವರೆ ಗಂಟೆ. ಐದನೇ ಪ್ರಶ್ನೆಯಲ್ಲಿ ಮೂವತ್ತೇಳು ಜನರ ಬ್ಯಾಡ್ಮಿಂಟನ್ ಪಂದ್ಯಾವಳಿ. ಸೋತವರು ಮನೆಗೆ. ಜೋಡಿ ಸಿಗದೆ ಉಳಿದವರು ಆಡದೆಯೇ ಮುಂದಿನ ಸುತ್ತಿಗೆ. ಒಬ್ಬರು ಗೆಲ್ಲುವ ಹೊತ್ತಿಗೆ ಒಟ್ಟು ಎಷ್ಟು ಆಟ?

ಆಟ ಆಡಿಸಿಯೇ ನೋಡೋಣ ಎಂದು ನನ್ನ ತರಗತಿಯ ಹುಡುಗಿಯರನ್ನೆಲ್ಲ ಇಳಿಸಿದೆ. ನನ್ನ ಜಡೆ ಎಳೆಯುವವಳನ್ನು ಮೊದಲ ಸುತ್ತಿನಲ್ಲೇ ಕಳಿಸಿದೆ. ಗೆಳತಿಯೂ ನಾನೂ ಫೈನಲ್‌ಗಿಂತ ಮೊದಲು ಎದುರಾಗಬಾರದೆಂದು ಎರಡು ಸಲ ಅಳಿಸಿ ಬರೆದೆ. ಫೈನಲ್‌ನಲ್ಲಿ ಗೆಳತಿಗೆ ಬಿಟ್ಟುಕೊಡಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ನಾನೇ ಗೆದ್ದೆ. ಎಣಿಸಿದರೆ ಮೂವತ್ತಾರು ಆಟ. ತಲೆಯೆತ್ತಿದಾಗ ಸಮಯ ಮುಗಿಯುತ್ತ ಬಂದಿತ್ತು.

ಹೊರಗೆ ಅಪ್ಪ ಕೇಳಿದರು. “ಎಷ್ಟು ಬಿಟ್ಟಿ?”

“ಸೆವೆನ್ ಮಾಡೀನಿ ಅಪ್ಪಾ.”

“ಬಿಟ್ಟದ್ದು ಕೇಳಿದೆ.”

“ಬಾಕೀ ಸಬ್.”

ಮೆಟ್ರೊದಲ್ಲಿ ಕಾಳೀಘಾಟ್ ದಾಟುವವರೆಗೆ ಅವರು ಪ್ರಶ್ನೆಪತ್ರಿಕೆಯನ್ನು ಹಿಂದೆ ಮುಂದೆ ತಿರುವುತ್ತಿದ್ದರು.

ಮುಂದಿನ ಭಾನುವಾರ ಮೇಷ್ಟ್ರ ಮುಂದೆ ಪಂದ್ಯಾವಳಿಯನ್ನು ಮತ್ತೆ ಪೂರ್ತಿ ಬರೆದು ತೋರಿಸಿದೆ. ಅಪ್ಪ ವಿಚಾರಣೆಗೆ ಬಂದವರಂತೆ ಪಕ್ಕದಲ್ಲಿ ಕುಳಿತಿದ್ದರು. ಮೇಷ್ಟ್ರು ಕಾಗದವನ್ನು ನಿಧಾನವಾಗಿ ಓದಿ, “ಗೆದ್ದವರು ಎಷ್ಟು ಜನ?” ಅಂದರು.

“ಒಬ್ಬಳು. ನಾನು.”

“ಹಾಗಾದರೆ ಸೋತವರು?”

“ಮೂವತ್ತಾರು.”

“ಒಂದು ಆಟದಲ್ಲಿ ಸೋಲುವವರು ಒಬ್ಬರೇ ತಾನೆ?”

ಅಷ್ಟೇ. ಅರ್ಧ ನಿಮಿಷವೂ ಆಗಿರಲಿಲ್ಲ. ಯಾರೋ ಮೋಸ ಮಾಡಿದಂತಾಗಿ ನನಗೆ ಅಳು ಬಂತು. ಅಳುತ್ತಿರುವಾಗಲೇ ಅದು ಎಷ್ಟು ಚೆಂದವಿದೆ ಅನ್ನಿಸಿ ನಗುವೂ ಬಂತು. ಅಪ್ಪ ನಗಲಿಲ್ಲ. ಕಾಗದ ತೆಗೆದುಕೊಂಡು ನನ್ನ ಗೆರೆಗಳ ಮೇಲೆ ಬೆರಳಾಡಿಸುತ್ತ, “ಇಷ್ಟೇ ಏನು?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಮೇಷ್ಟ್ರಿಗೆ ಹೇಳಿದರು: “ಇನ್ನೊಂದು ಕೊಡಿ. ಇವಳಿಗಲ್ಲ, ನನಗೆ.”

ನನಗೆ ಬಹುಮಾನ ಬರಲಿಲ್ಲ. ಮುಂದಿನ ವರ್ಷ ಸ್ಪರ್ಧೆಯನ್ನೂ ಬಿಟ್ಟು ಈಜಿಗೆ ಸೇರಿದೆ. ಯಾರೂ ಬೇಡ ಅನ್ನಲಿಲ್ಲ. ಮನೆಯಲ್ಲಿ ಯಾರಿಗೂ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ಅಪ್ಪ ಪ್ರತಿ ಭಾನುವಾರ ನನ್ನ ಹಳೆಯ ಕಂಪಾಸ್ ಪೆಟ್ಟಿಗೆ ಹಿಡಿದು ಮೇಷ್ಟ್ರ ಮನೆಗೆ ಹೋಗುತ್ತಿದ್ದರು. ಹೋಮ್‌ವರ್ಕ್ ಮುಗಿಯದಿದ್ದರೆ ಜ್ವರ ಎಂದು ಹೇಳಿಕಳಿಸುತ್ತಿದ್ದರು. ಒಮ್ಮೆ ಸ್ಪರ್ಧೆಯವರಿಗೇ ಫೋನ್ ಮಾಡಿ, ಹದಿನಾಲ್ಕು ವರ್ಷ ದಾಟಿದವರಿಗೆ ಏನೂ ಇಲ್ಲವೇ ಎಂದು ವಿಚಾರಿಸಿದರು.

“ಏನಂದ್ರು ರೀ?” ಅವ್ವ ಕೇಳಿದಳು.

“ಎಷ್ಟು ದಾಟ್ಯಾರ ಅಂತ ಕೇಳಿದ್ರು,” ಅಂದರು ಅಪ್ಪ. “ನಾ ಫೋನ್ ಇಟ್ಟೆ.”