ಕಾಶೆವ್ವನ ದೀಡ ನಮಸ್ಕಾರ

ಬೆಳಗಿನ ಮೊದಲ ಕೊಡ ನೀರನ್ನು ಕಾಶೆವ್ವ ತನ್ನ ತಲೆಯ ಮೇಲೇ ಸುರಿದುಕೊಳ್ಳುತ್ತಿದ್ದಳು. ಒದ್ದೆ ಸೀರೆಯಲ್ಲೇ ನೆಲಕ್ಕೆ ಉದ್ದುದ್ದ ಬಿದ್ದು, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳುವಳು. ಹೀಗೆ ಬಾವಿಯಿಂದ ಪ್ರಾರ್ಥನಾಲಯದ ಹೊಸ್ತಿಲವರೆಗೆ. ಮಳಗಿ ಊರಲ್ಲಿ ಚಳಿ ಇರಲಿ, ಕೆಸರಿರಲಿ, ಒಂದು ಬೆಳಗೂ ತಪ್ಪುತ್ತಿರಲಿಲ್ಲ.

ದೀಡ ನಮಸ್ಕಾರ ತವರಿನಲ್ಲಿ ಕಂಡು ಕಲಿತದ್ದು. ಮದುವೆಯಾದ ಮೇಲೆ ಗಂಡನೊಡನೆ ಕ್ರೈಸ್ತ ದೀಕ್ಷಾಸ್ನಾನ ಪಡೆದಳು. ದೇವರು ಬದಲಾದರೂ ಹರಕೆಯ ರೀತಿ ಬದಲಾಗಲಿಲ್ಲ. ಮೂವತ್ತೇಳನೆಯ ಇಸವಿಯಲ್ಲಿ ಮಳೆಗಾಲ ಮುಗಿಯುತ್ತಲೇ ಒಬ್ಬಳೇ ಮಗಳು ಹೊಳೆವ್ವ ಚಳಿಜ್ವರದಿಂದ ಮಲಗಿದಳು. ಇಪ್ಪತ್ತೊಂದು ದಿನ ದೀಡ ನಮಸ್ಕಾರ ಹಾಕುತ್ತೇನೆಂದು ಕಾಶೆವ್ವ ಹರಕೆ ಹೊತ್ತಳು. ಒಂಬತ್ತನೆಯ ದಿನ ಮಗಳು ನಡುಗುತ್ತ ತಾಯಿಯ ಕೈ ಬಿಡಲೊಲ್ಲಳು. ಅಂದು ಕಾಶೆವ್ವ ಬಾವಿಗೆ ಹೋಗಲಿಲ್ಲ. ಮರುದಿನ ಮಗಳಿರಲಿಲ್ಲ.

ಆ ಒಂದು ದಿನದ ತಪ್ಪಿಗೇ ದೇವರು ಕೂಸನ್ನು ಕಿತ್ತುಕೊಂಡ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಇನ್ನು ತಪ್ಪದೆ ಬಿದ್ದರೆ ಎಂದಾದರೂ ಕ್ಷಮೆ ಸಿಕ್ಕೀತು, ಪರಲೋಕದಲ್ಲಿ ಹೊಳೆವ್ವನ ಮುಖ ಕಂಡೀತು.

ಪ್ರಾರ್ಥನಾಲಯದ ಮುದುಕ ಉಪದೇಶಿ ದೇವಪುತ್ರಪ್ಪ ಎಷ್ಟೋ ಸಲ ಹೇಳಿದ್ದ: “ಕ್ಷಮಾ ಅಂದ್ರ ಕೂಲಿ ಅಲ್ಲ ಯವ್ವಾ. ದೇವರು ಸುಮ್ಮನ ಕೊಡ್ತಾನ. ನಿನ್ನ ಬದ್ಲಿ ಯೇಸುಸ್ವಾಮಿ ಶಿಲುಬಿ ಹೊತ್ತಾನ.”

“ಸುಮ್ಮನ ಕೊಡಾಂವ ನನ್ನ ಕೂಸಿನ ಜೀವಾ ಯಾಕ ಕೊಡ್ಲಿಲ್ರಿ ಅಜ್ಜಾರ?”

ಉಪದೇಶಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ.

ಮಗಳು ತೀರಿದ ಏಳನೆಯ ವರ್ಷದ ಆಷಾಢದಲ್ಲಿ ಬಾವಿಯ ಪಾಚಿಗಲ್ಲಿನ ಮೇಲೆ ಕಾಲು ಜಾರಿ ಕಾಶೆವ್ವನ ಸೊಂಟ ಮುರಿಯಿತು. ಚಾಪೆಯ ಮೇಲಿಂದ ಹೊರಳುವುದೂ ಆಗದು. ಮುಂಜಾನೆ ಬಾವಿಯ ಗಾಲಿ ಕಿರುಗುಟ್ಟಿದರೆ ಕಾಶೆವ್ವ ಸೆರಗನ್ನು ಕಿವಿಗೆ ಒತ್ತಿಕೊಳ್ಳುವಳು. ತಪ್ಪಿದ್ದು ಅಂದು ಒಂದೇ ದಿನ. ಈಗ ದಿನಾ ತಪ್ಪೇ.

“ಮುಗೀತ್ರಿ ಅಜ್ಜಾರ. ಇನ್ನ ನನ್ನ ಮಗಳು ನನಗ ಸಿಗಾಂಗಿಲ್ಲ,” ಎಂದು ನೋಡಬಂದ ಉಪದೇಶಿಗೆ ಹೇಳಿದಳು.

“ಕೊಡಾಕ ನಿನ್ನ ಕಡೆ ಏನೂ ಉಳದಿಲ್ಲವ್ವಾ. ಈಗರೆ ಇಸ್ಕೋ.”

ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಗಂಜಿ ತಂದ ನೆರೆಮನೆಯ ಗುರುಸಿದ್ದವ್ವನಿಗೆ ಆ ಅಳು ನೋಡಲಾಗಲಿಲ್ಲ. ನಿತ್ಯ ಲಿಂಗಪೂಜೆ ಮಾಡುವ ಹೆಂಗಸು. “ಏ ಕಾಶೀ, ಸಾಕು ಬಿಡ. ನಾಳಿಂದ ನಿನ್ನ ಹೆಸರಿಲೆ ನಾ ಬೀಳ್ತೇನಿ. ನಮ್ಮೊಳಗ ಅತ್ತಿ ಹರಕಿ ಸೊಸಿ ತೀರಸ್ತಾಳ. ನಿಮ್ಮ ದೇವ್ರಿಗೆ ನಡ್ಯಾಂಗಿಲ್ಲೇನು? ನಿನಗಿಂತ ಉದ್ದ ಅದೇನಿ, ಹತ್ತು ಸಲ ಬಿದ್ರ ಹೊಸ್ತಲಾ ಮುಟ್ಟತೇನಿ!”

ಕಾಶೆವ್ವನ ತುಟಿ ನಗುವಿಗೆ ಅಲುಗಿತು. ‘ಹೂಂ’ ಎನ್ನಲು ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಅವಳಿಗೇ ದಿಗಿಲಾಯಿತು. ಗುರುಸಿದ್ದವ್ವ ಬಿದ್ದರೆ ನಡೆದೀತೆಂದು ಇಷ್ಟು ಬೇಗ ನಂಬಿದೆನಲ್ಲ. ನನ್ನ ಬದಲು ಯೇಸುಸ್ವಾಮಿ ಹೊತ್ತನೆಂದು ಏಳು ವರ್ಷದಿಂದ ಉಪದೇಶಿ ಹೇಳಿದ್ದನ್ನು ಒಂದು ದಿನವೂ ನಂಬಲಿಲ್ಲವಲ್ಲ.

“ಬ್ಯಾಡಕ್ಕಾ.”

“ಯಾಕ? ನಮ್ಮ ಮೈಲಿಗಿ ಆಗತೇತೇನು ನಿಮಗ?”

“ಹಂಗಲ್ಲ. ನನ್ನ ಬದ್ಲಿ ಆಗಲೇ ಒಬ್ಬಾಂವ ಬಿದ್ದಾನಂತ. ನಂಬಿಕಿ ಬರವಲ್ದು ನನಗ, ಖರೇ. ಆದ್ರ ಅದೂ ಸಾಲ್ದು ಅಂತ ನಿನ್ನ ಕಳಿಸಿದ್ರ, ನಾ ಎಲ್ಲಿಗೆ ಹೋಗ್ಲಿ? ಬ್ಯಾಡ, ನೀ ಬೀಳಬ್ಯಾಡ.”